ಸಿತಾರಿನ ಭಾರ ಹೊತ್ತ ಎಡಗೈ

ಮಾಣಿಕನಗರದ ಮಠದ ಅಡುಗೆಮನೆಯಲ್ಲಿ ದಿನಕ್ಕೆ ಮುನ್ನೂರು ಜೋಳದ ರೊಟ್ಟಿ ಬಡಿಯುತ್ತಿದ್ದ ರುಕ್ಮಿಣಿಬಾಯಿಗೆ ಕೈಯ ವಿಷಯದಲ್ಲಿ ಯಾರ ಉಪದೇಶವೂ ಬೇಕಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಕಲ್ಯಾಣದಿಂದ ಬಂದು ಸೇವೆಗೆ ನಿಂತ ಮೊದಲ ವರ್ಷವೇ ಆಕೆಯ ಮಣಿಕಟ್ಟು ಊದಿತ್ತು. ಹುಮನಾಬಾದಿನ ಹಕೀಮರು ಎಣ್ಣೆ ಕೊಟ್ಟು, ಒಂದು ತಿಂಗಳು ಒಲೆಯ ಕಡೆ ಹೋಗಬೇಡ ಎಂದರು. ಎಣ್ಣೆ ಹಚ್ಚಿಕೊಂಡಳು, ಒಲೆ ಬಿಡಲಿಲ್ಲ. ಬದಲಿಗೆ ತಾನು ಹೇಗೆ ಬಡಿಯುತ್ತೇನೆಂದು ಕಣ್ಣಿಟ್ಟು ನೋಡಿದಳು. ಬೆರಳಿನ ಬಲದಿಂದ ಬಡಿಯುವುದೇ ತಪ್ಪೆಂದು ಗೊತ್ತಾಯಿತು. ಅಂಗೈ ತನ್ನ ಭಾರಕ್ಕೆ ತಾನೇ ಬೀಳಬೇಕು, ಕೆಲಸ ಭುಜದ್ದಾಗಬೇಕು. ಐವತ್ತು ರೊಟ್ಟಿಗೊಮ್ಮೆ ಎದ್ದು, ಎರಡೂ ಕೈ ಸಡಿಲ ಬಿಟ್ಟು ನಿಲ್ಲುವುದನ್ನು ರೂಢಿ ಮಾಡಿಕೊಂಡಳು. ಉಳಿದ ಹೆಂಗಸರು ನಕ್ಕರು. ಐದು ವರ್ಷದಲ್ಲಿ ನಕ್ಕವರ ಕೈಗಳೆಲ್ಲ ಹಕೀಮರ ಎಣ್ಣೆ ಕುಡಿದವು, ಇವಳದು ಮಾತ್ರ ಗಟ್ಟಿಯಾಗಿಯೇ ಇತ್ತು.

ಸಾವಿರದ ಒಂಬೈನೂರ ಮೂವತ್ತೆಂಟನೆಯ ಇಸವಿಯಲ್ಲಿ ಆಕೆಯ ಮೈದುನನ ಮಗ ವೈಜನಾಥ ಸಿತಾರು ಹೊತ್ತುಕೊಂಡು ಕಲ್ಯಾಣದಿಂದ ಬಂದ. ಅಲ್ಲಿನ ಮೊಹಿನುದ್ದೀನ್ ಉಸ್ತಾದರ ಹತ್ತಿರ ಒಂಬತ್ತು ವರ್ಷ ಕಲಿತವನು. ದತ್ತ ಜಯಂತಿಯ ಸಂಜೆ, ಮಠದ ದೈವವಾದ ಪ್ರಭುವಿನ ಸಮಾಧಿಯ ಎದುರು ನುಡಿಸಲು ಅವನಿಗೆ ಮೊದಲ ಸಲ ಅವಕಾಶ ಸಿಕ್ಕಿತ್ತು. ತಿಂಗಳು ಮೊದಲೇ ಬಂದವನು ಕಾಕುವಿನ, ಅಂದರೆ ಈ ದೊಡ್ಡಮ್ಮನ, ಮನೆಯಲ್ಲಿ ಉಳಿದು ರಿಯಾಜ್ ನಡೆಸಿದ. ಇನ್ನು ಹನ್ನೆರಡು ದಿನ ಇರುವಾಗ ಅವನ ಎಡಗೈ ಹೆಬ್ಬೆರಳು ಮಡಚಲು ಒಲ್ಲೆನೆಂದಿತು. ಅವನು ಮಣಿಕಟ್ಟಿಗೆ ಬಟ್ಟೆ ಬಿಗಿದು ಮತ್ತೆ ಕುಳಿತ. ನೋವಿದ್ದರೇ ಸೇವೆ ಎಂದು ಅವನ ಲೆಕ್ಕ. ಅದೇ ರಾತ್ರಿ ಊಟಕ್ಕೆ ಕುಳಿತಾಗ ಅವನ ಎಡಗೈಯಿಂದ ನೀರಿನ ತಂಬಿಗೆ ಜಾರಿ ಬಿತ್ತು. ರುಕ್ಮಿಣಿಬಾಯಿ ಅದನ್ನು ಕಂಡಳು. ಮಕ್ಕಳಿಲ್ಲದ ಆಕೆಗೆ ಇವನೊಬ್ಬನೇ ಎಲ್ಲ, ಆ ಕೈ ಹೋದರೆ ಅವನಿಗೆ ಬೇರೆ ಏನೂ ಇಲ್ಲ.

ಮರುದಿನ ಅವನು ನುಡಿಸುವಾಗ ಆಕೆ ಎದುರಿಗೇ ಕುಳಿತಳು. ರಾಗ ಆಕೆಗೆ ತಿಳಿಯದು, ಕೈ ತಿಳಿಯುತ್ತದೆ. ಸಿತಾರಿನ ಕೆಳತುದಿಯ ಸೋರೆ ಬುರುಡೆ ಚಾಪೆಯ ಮೇಲೆ ಆಧಾರವಿಲ್ಲದೆ ಅಲುಗಾಡುತ್ತಿತ್ತು. ತಂತಿ ಎಳೆಯಬೇಕಾದ ಎಡಗೈಯೇ ಇಡೀ ವಾದ್ಯ ಬೀಳದಂತೆ ಹಿಡಿದು ನಿಂತಿತ್ತು. ಉಸ್ತಾದರು ಹೀಗೇ ಕಲಿಸಿದರೇ ಎಂದು ಕೇಳಿದಳು. ಅವನು ತಲೆ ತಗ್ಗಿಸಿದ. ಉಸ್ತಾದರು ಕಲಿಸಿದ್ದು ಎಡಗಾಲು ಮಡಚಿ, ಬುರುಡೆಯನ್ನು ಅಂಗಾಲಿನ ಮೇಲೆ ಕೂರಿಸಿ, ಮೇಲಿಂದ ಬಲ ಮುಂಗೈ ಒತ್ತಿ ಹಿಡಿಯುವುದನ್ನು. ಆಗ ಎಡಗೈ ಬಿಡುವಾಗಿರುತ್ತದೆ. ಪ್ರಭುವಿನ ಎದುರು ನುಡಿಸುವ ರೀತಿಯೇ ರೂಢಿಯಾಗಲೆಂದು, ಇಲ್ಲಿಗೆ ಬಂದ ದಿನದಿಂದ ಅವನೇ ಕಾಲು ತೆಗೆದಿದ್ದ.

"ಸರಸ್ವತಿಗಿ ಅಂಗಾಲ ಹ್ಯಾಂಗ ಹಚ್ಚಲಿ, ಕಾಕು? ಮನ್ಯಾಗ ಬ್ಯಾರೆ, ಪ್ರಭುವಿನ ಮುಂದ ಬ್ಯಾರೆ," ಎಂದ.

ರುಕ್ಮಿಣಿಬಾಯಿಗೆ ಸಿಟ್ಟೂ ಬಂತು, ಕನಿಕರವೂ ಆಯಿತು.

"ಪ್ರಭುವಿನ ನೈವೇದ್ಯದ ಬದನಿಕಾಯಿ ಹೆಚ್ಚೂಮುಂದ ನಾ ಈಳಿಗಿ ಮಣಿ ಮ್ಯಾಲ ಕಾಲಿಟ್ಟೇ ಕೂಡತೀನಿ. ಕಾಲು ಒತ್ತಿ ಹಿಡೀಲಿಲ್ಲಂದ್ರ ಈಳಿಗಿ ಹೊರಳಿ ಕೈ ಕೊಯ್ತದ. ಆ ಪಲ್ಯ ಪ್ರಭು ಒಲ್ಲೆ ಅಂದಾನೇನು?"

ಅವನು ಸಿತಾರನ್ನು ಗೋಡೆಗೆ ಒರಗಿಸಿದ. ನಾಲ್ಕು ದಿನ ಸಿತಾರು ಮುಟ್ಟಗೊಡಲಿಲ್ಲ ಆಕೆ. ಬಿಗಿದ ಬಟ್ಟೆ ಬಿಚ್ಚಿಸಿ, ಬಿಸಿನೀರಿನಲ್ಲಿ ಕೈ ಇಡಿಸಿದಳು. ಐದನೆಯ ದಿನ ಬುರುಡೆ ಅಂಗಾಲಿನ ಮೇಲೆ ಕುಳಿತಿತು. ಅರ್ಧ ತಾಸಿಗೊಮ್ಮೆ ಒಳಗಿನಿಂದ ಆಕೆಯ ಕೂಗು ಬರುತ್ತಿತ್ತು, ಅವನು ಎದ್ದು ಕೈ ಸಡಿಲ ಬಿಟ್ಟು ನಿಲ್ಲಬೇಕು. ಜಯಂತಿಗೆ ಎರಡು ದಿನ ಇರುವಾಗ ಹೆಬ್ಬೆರಳು ಮಾತು ಕೇಳಿತು.

ದತ್ತ ಜಯಂತಿಯ ಸಂಜೆ ಮಂದಿ ಕಿಕ್ಕಿರಿದಿತ್ತು. ಎಲ್ಲರಿಗಿಂತ ಮುಂದೆ ಹುಮನಾಬಾದಿನ ಬೇಳೆ ವ್ಯಾಪಾರಿ ಮಹಾರುದ್ರಪ್ಪ ಕುಳಿತಿದ್ದರು; ಸಂಜೆಯ ಸಂಗೀತದ ಖರ್ಚು ಅವರದೇ, ಮಡಿ-ಮೈಲಿಗೆಯಲ್ಲಿ ಬಲು ಕಟ್ಟುನಿಟ್ಟು. ಅವರನ್ನು ಕಂಡದ್ದೇ ನುಡಿಸಲು ಕುಳಿತ ವೈಜನಾಥನ ಧೈರ್ಯ ಉಡುಗಿತು, ಬುರುಡೆಯ ಕೆಳಗಿನಿಂದ ಮೆಲ್ಲಗೆ ಕಾಲು ಹಿಂದೆಳೆದುಕೊಂಡ. ಸ್ವಲ್ಪ ಹೊತ್ತಿಗೆ ಎಳೆದ ಸ್ವರ ನಡುವೆಯೇ ತುಂಡಾಯಿತು. ಇನ್ನೊಂದೂ ತುಂಡಾಯಿತು. ಹೆಂಗಸರ ಸಾಲಿನಲ್ಲಿದ್ದ ರುಕ್ಮಿಣಿಬಾಯಿ ಎದ್ದು ನಿಂತಳು.

"ತಮ್ಮಾ, ಕಾಲು ಕೊಡು," ಎಂದಳು.

ಸಭೆಯೆಲ್ಲ ಹಿಂತಿರುಗಿ ನೋಡಿತು. ಆಕೆ ಕೂರಲಿಲ್ಲ. ವೈಜನಾಥ ಕಾಕುವಿನ ಮುಖ ನೋಡಿದ, ಬುರುಡೆ ಎತ್ತಿ ಅಂಗಾಲಿನ ಮೇಲಿಟ್ಟ. ಆಮೇಲೆ ಒಂದೂವರೆ ತಾಸು ಅವನ ಎಡಗೈ ಎಲ್ಲಿಯೂ ತಡೆಯಲಿಲ್ಲ.

ಮುಗಿದ ಮೇಲೆ ಮಹಾರುದ್ರಪ್ಪ ಆಕೆಯನ್ನು ಕರೆಸಿ, ದೇವರ ವಾದ್ಯಕ್ಕೆ ಕಾಲು ಹಚ್ಚೆಂದು ಹೇಳಿದ್ದು ನೀವೇ ಏನು ಎಂದು ಕೇಳಿದರು.

"ಹೌದ್ರಿ ಸಾವಕಾರ್ರ," ಎಂದಳು ರುಕ್ಮಿಣಿಬಾಯಿ. "ಸೇವಾ ಮಾಡೋದು ಇಡೀ ಮೈ ಅದ. ಕಾಲಷ್ಟೇ ಹೊರಗ ಚಪ್ಪಲ್ ಸಂಗಾಟ ಬಿಟ್ಟು ಬರ್ಲಾಕ ಆಗ್ತದೇನ್ರಿ?"

ಮಹಾರುದ್ರಪ್ಪ ಮಡಚಿ ಕುಳಿತ ತಮ್ಮ ಕಾಲುಗಳನ್ನೇ ಒಮ್ಮೆ ನೋಡಿಕೊಂಡರು. ಆಮೇಲೆ ವೈಜನಾಥನ ಕಡೆ ತಿರುಗಿ, ಬರುವ ವರ್ಷವೂ ಬಾ ಎಂದರು.