ಎಲೆ ಅಡಿಕೆ ಹಾಕಿದ ಕಾರು

ಕರಿಬಸವಯ್ಯ ನಮ್ಮವರ ದೊಡ್ಡಪ್ಪನ ಮಗ, ನನಗೆ ಭಾವ. ಮದುವೆ ಮುಗಿಸಿಕೊಂಡು ನಾನು ಕೊಪ್ಪಕ್ಕೆ ಬಂದದ್ದು ಅವರ ಬಾಡಿಗೆ ಕಾರಿನಲ್ಲೇ. ಹೊರಡುವಾಗ ಅವರು ತುಂಬಿದ ಕೊಡಪಾನವೊಂದನ್ನು ತಂದು ನನ್ನ ತೊಡೆಯ ಮೇಲಿಟ್ಟರು. ಇದು ಈ ಮನೆಯ ಯಾವುದೋ ಶಾಸ್ತ್ರವಿರಬೇಕೆಂದು ನಾನು ಭಕ್ತಿಯಿಂದ ಹಿಡಿದುಕೊಂಡು ಕೂತೆ. ಅರ್ಧ ದಾರಿಯಲ್ಲಿ ಕಾರು ನಿಲ್ಲಿಸಿ, ಕೊಡಪಾನವನ್ನು ನನ್ನ ಕೈಯಿಂದ ತೆಗೆದುಕೊಂಡು ಕಾರಿನ ಮೂತಿಯೊಳಗೆ ಸುರಿದಾಗಲೇ ಶಾಸ್ತ್ರ ನನ್ನದಲ್ಲ, ಕಾರಿನದು ಎಂದು ತಿಳಿದದ್ದು.

ಎಂಜಿನ್ನಿನ ಕಾವು ಆರಿಸಲು ಕಾರಿನ ಮೂತಿಯಲ್ಲಿ ರೇಡಿಯೇಟರ್ ಎಂಬ ಜಾಲರಿಯಂಥ ನೀರಿನ ಪೆಟ್ಟಿಗೆ ಇರುತ್ತದೆ. ಭಾವನ ಕಾರಿನದು ಆಗಲೇ ಮುದಿಯಾಗಿತ್ತು. ಕೊಪ್ಪದಿಂದ ಶೃಂಗೇರಿಗೆ ಹೋಗುವಷ್ಟರಲ್ಲಿ ದಾರಿಯ ಹಳ್ಳಗಳಿಗೆಲ್ಲ ಆ ಕಾರಿನ ಪರಿಚಯವಾಗುತ್ತಿತ್ತು. ಭಾವ ಅದಕ್ಕೆ ಬೇಸರಪಟ್ಟವರಲ್ಲ. ಅವರ ತಂದೆ ಬಾಳೆಹೊನ್ನೂರು ಕಡೆ ಕಾಫಿ ಮೂಟೆಯ ಗಾಡಿ ಹೊಡೆಯುತ್ತಿದ್ದರು. ಎತ್ತಿನ ಹಿಂದೆಯೇ ಬೆಳೆದ ಭಾವ, ಮೀಸೆ ಮೂಡುವ ಹೊತ್ತಿಗೆ ಶಿವಮೊಗ್ಗದ ಬಸ್ಸಿನಲ್ಲಿ ಕ್ಲೀನರ್ ಆಗಿ ಸೇರಿ, ಆಮೇಲೆ ಡ್ರೈವರ್ ಆಗಿ, ಎಸ್ಟೇಟ್ ಬಿಟ್ಟು ತನ್ನ ಸೀಮೆಗೆ ಹೊರಟ ಬಿಳಿ ದೊರೆಯೊಬ್ಬನ ಹಳೆಯ ಕಾರನ್ನು ಕೊಂಡುಕೊಂಡಿದ್ದರು. ಕೈಗೆ ಸ್ಟಿಯರಿಂಗ್ ಬಂದರೂ ಬಾಯಿಗೆ ಗಾಡಿಯ ಮಾತೇ ಇತ್ತು. ಏರು ಬಂದರೆ ನಾಲಗೆ ಲೊಟಗುಟ್ಟಿಸಿ "ಹೋ ಹೋ, ಏಳು ಮಗನೆ" ಎನ್ನುವರು. ಇಳಿಜಾರಿನಲ್ಲಿ ಮೂಗುದಾರ ಹಿಡಿದವರ ಹಾಗೆ ಮೈ ಹಿಂದಕ್ಕೆ ಎಳೆದು ಕೂರುವರು. ಹೆರಿಗೆ ನೋವಿನವರನ್ನು, ಹಾವು ಕಚ್ಚಿದವರನ್ನು, ಕಿಗ್ಗದ ದೇವರಿಗೆ ಹರಕೆ ಹೊತ್ತವರನ್ನು ಅವರು ಹೊತ್ತೊಯ್ಯದ ದಿನವಿಲ್ಲ. ಈ ಓಡಾಟದಲ್ಲಿ ಅವರಿಗೇ ಮದುವೆಯಾಗುವುದು ಮರೆತುಹೋಗಿತ್ತು.

ನನಗೆ ಕೂಸು ಹುಟ್ಟಿದ ವರ್ಷ ಅದನ್ನು ನೆನಪಿಸಿದ್ದು ನಮ್ಮ ಅತ್ತೆ ವೀರಮ್ಮ. ಬಾಳೆಹೊನ್ನೂರಿನ ಹತ್ತಿರ ಪರಮಶಿವಯ್ಯ ಎಂಬ ವ್ಯಾಪಾರಸ್ಥರ ಮಗಳು ನೀಲಾಂಬಿಕೆಯ ಜಾತಕ ತರಿಸಿ, ಮಾತು ಆಡಿಸಿ, ಎಲೆ ಅಡಿಕೆ ಬದಲಾಯಿಸುವ ಹಂತದವರೆಗೆ ತಂದಿದ್ದರು. ಪರಮಶಿವಯ್ಯ ಎಚ್ಚರದ ಮನುಷ್ಯ. ಹುಡುಗ ಗಾಡಿ ಹೇಗೆ ನಡೆಸುತ್ತಾನೆ ನೋಡೋಣ ಎಂದು, ಹೆಂಡತಿ ಮಗಳ ಸಮೇತ ಕಿಗ್ಗಕ್ಕೆ ಹೋಗಿಬರಲು ಭಾವನ ಕಾರನ್ನೇ ಗೊತ್ತುಮಾಡಿದರು.

ಆ ವಾರವೇ ರೇಡಿಯೇಟರ್ ಜೋರಾಗಿ ಸೋರತೊಡಗಿತು. ಬೆಸುಗೆ ಹಾಕಿಸೋಣವೆಂದರೆ ಯುದ್ಧದ ಕಾಲ, ಸೀಸವೂ ಇಲ್ಲ, ಬೆಸುಗೆಯವನೂ ಊರಲ್ಲಿಲ್ಲ. ಅದು ಅಡಿಕೆ ಬೇಯಿಸುವ ತಿಂಗಳು. ಅಡಿಕೆ ಮಂಡಿಯ ಅಂಗಳದಲ್ಲಿ ಹಂಡೆಗಟ್ಟಲೆ ಚೊಗರು ಇತ್ತು. ಅಡಿಕೆ ಬೆಂದ ಕೆಂಪು ರಸ ಅದು, ಬತ್ತಿದರೆ ಅಂಟಿನ ಹಾಗೆ ಆಗುತ್ತದೆ. ಕೈಗೆ ಹತ್ತಿದರೆ ವಾರವಾದರೂ ಹೋಗದ ಈ ವಸ್ತು ಒಂದು ತೂತಿನಲ್ಲಿ ನಿಲ್ಲುವುದಿಲ್ಲವೆ ಎಂದು ಭಾವನಿಗೆ ಹೊಳೆಯಿತು. ಒಂದು ಚೆಂಬು ಚೊಗರನ್ನು ರೇಡಿಯೇಟರಿಗೆ ಹುಯ್ದೇ ಬಿಟ್ಟರು. ಸೋರುವುದು ನಿಂತಿತು. ಸಂಜೆ ನಮ್ಮ ಮನೆಗೆ ಬಂದು, ಇನ್ನು ಕೊಡಪಾನವನ್ನು ಅಡುಗೆಮನೆಗೆ ಒಪ್ಪಿಸಬಹುದು ಎಂದು ಜಂಬದಿಂದ ಹೇಳಿಹೋದರು.

ಕಿಗ್ಗದ ಏರಿನಲ್ಲಿ ಕಾರು ಕೊತಕೊತ ಕುದಿಯಿತು. ಕಾವಿಗೆ ಚೊಗರು ಬತ್ತಿ ಒಳಗಿನ ಸಣ್ಣ ನಳಿಗೆಗಳನ್ನೆಲ್ಲ ಕಟ್ಟಿಹಾಕಿತ್ತು. ಭಾವ ಗೋಣಿಚೀಲ ಸುತ್ತಿ ಮುಚ್ಚಳ ತಿರುಗಿಸಿದ್ದೇ ತಡ, ಕೆಂಪು ನೊರೆ ಆಳೆತ್ತರಕ್ಕೆ ಚಿಮ್ಮಿ, ಏನಾಯಿತೆಂದು ನೋಡಲು ಬಂದ ಪರಮಶಿವಯ್ಯನ ಮಡಿ ಪಂಚೆಯ ಮೇಲೆ ಬಿತ್ತು. ಆಗ ಹಿಂದಿನ ಸೀಟಿನಿಂದ ನೀಲಾಂಬಿಕೆ ಮೆಲ್ಲಗೆ, "ಅಪ್ಪಾ, ಈ ಕಾರಿಗೆ ಎಲೆ ಅಡಿಕೆ ಅಭ್ಯಾಸ ಇದ್ದ ಹಾಗಿದೆ" ಅಂದಳಂತೆ.

ಈ ಕಥೆಯನ್ನು ನಮಗೆ ಹೇಳುವಾಗ ಭಾವ ಪಂಚೆಯ ವಿಷಯವನ್ನು ಬೇಗ ದಾಟಿಸಿದರು. ಆ ಹುಡುಗಿ ಸೆರಗು ಬಾಯಿಗೆ ಹಿಡಿದು ನಕ್ಕದ್ದನ್ನು ಮಾತ್ರ ಎರಡೆರಡು ಸಲ ಹೇಳಿದರು.

ಪರಮಶಿವಯ್ಯ ನಗಲಿಲ್ಲ. ಬರುವ ಸೋಮವಾರ ಒಳ್ಳೆಯ ದಿನವಿದೆ, ಅಂದು ಕೊಪ್ಪದಿಂದ ತಮ್ಮ ಮನೆ ಬಾಗಿಲವರೆಗೆ ನೀರಿಗಾಗಿ ಎಲ್ಲಿಯೂ ನಿಲ್ಲದೆ ಇದೇ ಕಾರಿನಲ್ಲಿ ಬಂದರೆ ಎಲೆ ಅಡಿಕೆ ಶಾಸ್ತ್ರ; ಇಲ್ಲವಾದರೆ ಕಾರು ಮಾರಿ ಅಂಗಡಿ ಇಟ್ಟ ಮೇಲೆ ಮಿಕ್ಕ ಮಾತು ಎಂದು ಹೇಳಿಕಳಿಸಿದರು. ಮಾರುವುದಕ್ಕೆ ತೊಂದರೆಯೂ ಇರಲಿಲ್ಲ. ಅಕ್ಕಿ ಗಿರಣಿಯ ಕಲ್ಲೇಶಪ್ಪ, ಎಂಜಿನ್ನನ್ನು ಬಿಚ್ಚಿ ಗಿರಣಿಗೆ ಹಾಕಿಕೊಳ್ಳುತ್ತೇನೆ ಎಂದು ಆಗಲೇ ಒಮ್ಮೆ ಬಂದು ಕಾರಿನ ಸುತ್ತ ತಿರುಗಿ ಹೋಗಿದ್ದರು.

ಭಾವ ನಮ್ಮ ಜಗಲಿಗೆ ಬಂದು ಕೂತರು. ನಾನು ಮಜ್ಜಿಗೆ ತಂದುಕೊಟ್ಟಾಗ, "ಎತ್ತು ಮಾರಿ ಹೆಣ್ಣು ತರೋದಾ ತಂಗಿ? ಆಮೇಲೆ ಅವಳನ್ನ ತವರಿಗೆ ಹೆಗಲ ಮೇಲೆ ಕೂರಿಸ್ಕೊಂಡು ಹೋಗ್ಲಾ?" ಅಂದರು.

ಮರುದಿನವೇ ನರಸಿಂಹರಾಜಪುರಕ್ಕೆ ಹೋದರು. ಅಲ್ಲಿ ಒಂದು ಕಾಲಕ್ಕೆ ಬಸ್ಸಿನ ಧಣಿಯಾಗಿದ್ದ ವೃಷಭೇಂದ್ರಪ್ಪನವರ ಕೊಟ್ಟಿಗೆಯ ಹಿಂದೆ, ಓಡಾಟ ನಿಂತ ಬಸ್ಸೊಂದು ಬಳ್ಳಿ ಹಬ್ಬಿಸಿಕೊಂಡು ನಿಂತಿತ್ತು. ಅದರ ರೇಡಿಯೇಟರ್ ಗಟ್ಟಿಯಾಗಿತ್ತು. ಮದುವೆ ಗೊತ್ತಾದರೆ ತಮ್ಮ ಮನೆಮಂದಿಯನ್ನೆಲ್ಲ ಅದೇ ಕಾರಿನಲ್ಲಿ ದಿಬ್ಬಣಕ್ಕೆ ಕರೆದೊಯ್ಯಬೇಕು ಎಂಬ ಕರಾರಿನ ಮೇಲೆ ಅವರು ಅದನ್ನು ಬಿಚ್ಚಿಕೊಳ್ಳಲು ಬಿಟ್ಟರು. ಭಾವ ಅದಕ್ಕೆ ಕಂಬಳಿ ಹೊದಿಸಿ, ಬಸ್ಸಿನಲ್ಲಿ ತಮ್ಮ ಪಕ್ಕದ ಸೀಟಿನಲ್ಲೇ ಕೂರಿಸಿಕೊಂಡು ಬಂದರು. ಇಳಿಸುವಾಗ ನೋಡಿದ ನಮ್ಮತ್ತೆ, "ಹೆಣ್ಣನ್ನ ಈಗಲೇ ಕರ್ಕೊಂಡು ಬಂದ್ಯೇನೋ?" ಅಂತ ಕೇಳಿದರು.

ನಮ್ಮ ಹಿತ್ತಿಲ ಹಲಸಿನ ಮರದ ಕೆಳಗೆ ಕೆಲಸ ಶುರುವಾಯಿತು. ಹಳೆಯ ರೇಡಿಯೇಟರಿನ ಕೆಳಗಿನ ತಿರುಪು ಬಿಚ್ಚಿ ನೀರು ಇಳಿಸಿದರು. ಮೇಲಿನ, ಕೆಳಗಿನ ರಬ್ಬರ್ ಕೊಳವೆಗಳನ್ನು ಕಳಚಿ, ಬೋಲ್ಟ್ ಬಿಚ್ಚಿ, ನಮ್ಮವರೂ ಭಾವನೂ ಎರಡು ಕಡೆ ಹಿಡಿದು ಎತ್ತಿದರು. ಎಂಜಿನ್ನಿನೊಳಗೂ ಚೊಗರು ಉಳಿದಿತ್ತು. ನಾನು ಅಗಸರ ಸೋಡಾ ಹಾಕಿ ಹಂಡೆ ನೀರು ಕಾಯಿಸಿಕೊಟ್ಟೆ. ಅದನ್ನು ಹೊಯ್ದು ಹೊಯ್ದು, ಕೆಂಪು ಹೋಗಿ ತಿಳಿನೀರು ಬರುವತನಕ ಬಿಟ್ಟರು. ಬಾಯಿ ಮುಕ್ಕಳಿಸಿದ ಮೇಲಾದರೂ ದುರಭ್ಯಾಸ ಬಿಡಲಿ ಎಂದು ಅತ್ತೆ ಜಗಲಿಯಿಂದಲೇ ಹರಸಿದರು.

ಹೊಸದನ್ನು ಎತ್ತಿ ಇಟ್ಟಾಗ ಅಗಲ ಸರಿಯಾಗಿ ಕೂತಿತು, ಎತ್ತರ ನಾಲ್ಕು ಬೆರಳು ಹೆಚ್ಚಾಯಿತು. ನಮ್ಮವರು ಬಟ್ಟೆ ಅಂಗಡಿಯವರು. ಅಳತೆ ಯಾರು ತೆಗೆದದ್ದು ಎಂದು ಕೇಳಿದರು. ಅಗಲಕ್ಕೆ ಮಾತ್ರ ಗೇಣು ಹಾಕಿದ್ದೆ, ಎತ್ತರ ನೆನಪಾಗಲಿಲ್ಲ ಎಂದು ಭಾವ ಒಪ್ಪಿಕೊಂಡರು. "ರವಿಕೆ ಹೊಲಿಯೋನು ಹೀಗೆ ಮಾಡಿದ್ರೆ ಹೆಂಗಸರು ಅಂಗಡಿಗೇ ಬೆಂಕಿ ಹಚ್ತಿದ್ರು, ಮಾರಾಯ" ಎಂದರು ನಮ್ಮವರು. ಬಾನೆಟ್ ಮುಂದುಗಡೆ ಪೂರ್ತಿ ಮುಚ್ಚಲಿಲ್ಲ. ಭಾವ ತಂದೆಯ ಗಾಡಿಯ ಹಳೆಯ ತೊಗಲ ಪಟ್ಟಿ ತಂದು ಬಾನೆಟ್ಟನ್ನು ಬಿಗಿದು ಕಟ್ಟಿದರು. ಗಾಳಿ ಇನ್ನೂ ಚೆನ್ನಾಗಿ ಆಡುತ್ತದೆ ಎಂದು ಸಮಾಧಾನವನ್ನೂ ಅವರೇ ಹೇಳಿಕೊಂಡರು.

ನಮ್ಮವರು ಕೆಳಗಿನ ಬೋಲ್ಟುಗಳನ್ನು ಪೂರ್ತಿ ಬಿಗಿಯಹೊರಟಾಗ ಭಾವ ಕೈ ಹಿಡಿದರು. ರಸ್ತೆಯಲ್ಲಿ ಕಾರಿನ ಮೈ ಅಲುಗುವಾಗ ಇದೂ ಸ್ವಲ್ಪ ಅಲುಗಬೇಕು, ಇಲ್ಲದಿದ್ದರೆ ಸೀಳುತ್ತದೆ. ನೊಗ ಕುತ್ತಿಗೆಗೆ ಕೂರಬೇಕು, ಕಚ್ಚಬಾರದು ಅಂದರು. ಬೋಲ್ಟಿನ ಅಡಿಗೆ ಕಂಬಳಿಯ ತುಂಡು ಮಡಿಸಿ ಕೊಟ್ಟು, ಹದವಾಗಿ ಬಿಗಿದರು.

ಕೆಲಸ ನಿಂತದ್ದು ಮೇಲಿನ ಕೊಳವೆಯಲ್ಲಿ. ಬಸ್ಸಿನ ರೇಡಿಯೇಟರಿನ ಕತ್ತು ದಪ್ಪ, ಕಾರಿನ ಕೊಳವೆ ಸಣ್ಣದು, ಏನು ಮಾಡಿದರೂ ಏರಲಿಲ್ಲ. ರಬ್ಬರ್ ಎಂಬುದು ಆಗ ಊರಲ್ಲೇ ಇರಲಿಲ್ಲ. ಸೈಕಲ್ ಟ್ಯೂಬ್ ಕೇಳಿದರೆ ಜನ ಮುಖ ತಿರುಗಿಸುತ್ತಿದ್ದರು. ನಾಳೆಯೇ ಸೋಮವಾರ. ಭಾವ ನೆಲದಲ್ಲಿ ಕೂತು ಕತ್ತನ್ನೇ ನೋಡುತ್ತಿದ್ದರು. ಬೇಲಿಯಾಚೆ ಕಲ್ಲೇಶಪ್ಪ ಕೊಡೆ ಊರಿಕೊಂಡು ನಿಂತಿದ್ದರು.

ನಾನು ಒಳಗೆ ಹೋದೆ. ತೊಟ್ಟಿಲಲ್ಲಿ ಕೂಸು ನಿದ್ದೆ ಮಾಡುತ್ತಿತ್ತು. ಅದರ ಕೆಳಗೆ ಹಾಸಿದ್ದ ರಬ್ಬರ್ ಬಟ್ಟೆ ಶಿವಮೊಗ್ಗದಿಂದ ನನ್ನ ತಮ್ಮ ತಂದುಕೊಟ್ಟದ್ದು. ಹಾಸಿಗೆ ನೆನೆಯದಂತೆ ನನ್ನನ್ನು ಕಾಪಾಡಿದ್ದು ಅದೊಂದೇ. ಇನ್ನೊಂದು ಬೇಕೆಂದರೆ ಯುದ್ಧ ಮುಗಿಯಬೇಕು. ಆದರೆ ಕೂಸು ನಾಳೆಯೂ ನೆನೆಸುತ್ತದೆ, ನಾಡಿದ್ದೂ ನೆನೆಸುತ್ತದೆ, ಒಗೆದರೆ ಆಯಿತು. ಭಾವನ ಸೋಮವಾರ ಮತ್ತೆ ಬರುವುದಿಲ್ಲ. ಕೂಸನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿ ಬಟ್ಟೆ ಎಳೆದುಕೊಂಡೆ. ಹಿಂದೆಯೇ ನಿಂತಿದ್ದ ಅತ್ತೆ, ನೆನೆಸಿ ಮೆತ್ತಗೆ ಮಾಡಿದ ಅಡಿಕೆ ಹಾಳೆ ತಂದು ಅಲ್ಲಿ ಹಾಸಿದರು. ಕೂಸಿಗೆ ಹಾಳೆಯೇ ಸಾಕು ಎಂದು ಅದು ಹುಟ್ಟಿದಂದಿನಿಂದ ಹೇಳುತ್ತಿದ್ದವರು ಅವರು.

ಭಾವ ರಬ್ಬರ್ ಬಟ್ಟೆಯನ್ನು ತಿರುಗಿಸಿ ನೋಡಿ, "ಇದು ಬೇಡ ತಂಗಿ, ಮಗುವಿಂದು" ಅಂದರು.

"ಒಳಗಿನ ನೀರು ಹೊರಗೆ ಬರಬಾರದು ಅಂತಲೇ ಮಾಡಿದ್ದಲ್ವಾ ಭಾವ, ಕತ್ತರಿಸಿ" ಎಂದು ಕತ್ತರಿ ಕೊಟ್ಟೆ.

ಭಾವ ಕತ್ತಿನ ತುದಿಗೆ ಕೊಳವೆಯ ತುದಿಯನ್ನು ಹತ್ತಿರ ಹಿಡಿದು, ಬಟ್ಟೆಯನ್ನು ಪದರ ಪದರವಾಗಿ ಸುತ್ತಿ, ಮೇಲೆ ತಂತಿ ಬಿಗಿದರು. ನಾನು ಹಾಲು ಸೋಸುವ ಬಟ್ಟೆಯಲ್ಲಿ ಬಾವಿ ನೀರು ಸೋಸಿ ಸೋಸಿ ಕೊಟ್ಟೆ. ಅತ್ತೆ ಹೊಸ ಮೂತಿಗೆ ಮೂರು ಬೆರಳು ವಿಭೂತಿ ಎಳೆದರು. ಹ್ಯಾಂಡಲ್ ತಿರುಗಿಸಿ ಎಂಜಿನ್ ಹೊತ್ತಿಸಿ ಎಲ್ಲರೂ ಕೆಳಗೆ ಬಗ್ಗಿ ನೋಡಿದೆವು. ನೆಲ ಒಣಗಿಯೇ ಇತ್ತು. ಕಲ್ಲೇಶಪ್ಪ ಕೊಡೆ ಎತ್ತಿಕೊಂಡು ಗಿರಣಿಯ ಕಡೆ ನಡೆದರು.

ಸೋಮವಾರ ಬೆಳಿಗ್ಗೆ ಅತ್ತೆ ಮುಂದೆ, ನಮ್ಮವರೂ ನಾನೂ ಹಿಂದೆ. ಭಾವ ಪೆಟ್ರೋಲಿನ ರೇಷನ್ ಚೀಟಿಯನ್ನು ಇದಕ್ಕೆಂದೇ ಉಳಿಸಿಟ್ಟಿದ್ದರು. ನನ್ನ ತೊಡೆಯ ಮೇಲೆ ಕೊಡಪಾನದ ಬದಲು ಕೂಸು ಇತ್ತು. ಏರುಗಳೆಲ್ಲ ದಾಟಿದವು. ಬಾಳೆಹೊನ್ನೂರಿಗೆ ಮುಂಚೆ ಒಂದು ಹಳ್ಳದ ಹತ್ತಿರ ಕಾರು ನಿಧಾನವಾಗಿ, ರಸ್ತೆಯ ಬದಿಗೆ ಸರಿಯತೊಡಗಿತು. ಭಾವನ ಕಾಲು ಬ್ರೇಕಿನ ಮೇಲೆ ಇತ್ತು. ವರ್ಷಗಟ್ಟಲೆ ನೀರು ತುಂಬಿಸಿಕೊಂಡ ಜಾಗ, ಕಾಲು ತಾನಾಗಿ ಹೋಗಿಬಿಟ್ಟಿತ್ತು.

"ಬಿಡು ಮಾರಾಯ" ಎಂದರು ಅತ್ತೆ. "ಅದಕ್ಕೆ ಬಾಯಾರಿಲ್ಲ. ನಿಂಗೇ ಬಾಯಾರಿದ್ರೆ ಮಾವನ ಮನೇಲಿ ಕುಡಿ."

ಕಾಲು ಬ್ರೇಕಿನಿಂದ ಎದ್ದಿತು. ಮುಂದೆ ಎಲ್ಲಿಯೂ ನಿಲ್ಲಲಿಲ್ಲ.

ಪರಮಶಿವಯ್ಯ ಅಂಗಳಕ್ಕೇ ಬಂದರು. ಈ ಸಲ ಕಂದು ಬಣ್ಣದ ಶಾಲು ಹೊದ್ದು, ಸ್ವಲ್ಪ ದೂರದಲ್ಲೇ ನಿಂತರು. ಕಾರಿನ ಕೆಳಗೆ ಬಗ್ಗಿ ನೋಡಿದರು. ಒಂದು ಹನಿಯೂ ಕಾಣದಿದ್ದಾಗ, ಕೊಳವೆಯ ಮೇಲಿನ ಸುತ್ತನ್ನು ತೋರಿಸಿ, "ಇದೆಂತದು? ಯಾವುದೋ ಹರಕು ಬಟ್ಟೆ ಕಟ್ಟಿ ತಂದಿದ್ದೀರಿ. ಇದು ಎಷ್ಟು ದಿನ ನಿಲ್ಲುತ್ತೆ?" ಎಂದು ಕೇಳಿದರು.

ಅತ್ತೆ ಕಾರಿನಿಂದ ಇಳಿದು ಬಂದರು. "ನಮ್ಮ ಕೂಸಿನ ತೊಟ್ಟಿಲಲ್ಲಿ ಹಾಸಿದ್ದು, ಅಯ್ಯನೋರೇ. ಹುಟ್ಟಿದಾಗಿಂದ ಹಗಲೂ ರಾತ್ರಿ ಪರೀಕ್ಷೆ ಆಗಿದೆ. ಕಾರು ಅಷ್ಟು ಹುಯ್ಯಲ್ಲ."

ಬಾಗಿಲ ಹಿಂದೆ ಯಾರೋ ನಕ್ಕರು. ಪರಮಶಿವಯ್ಯನ ಮೀಸೆಯೂ ಅಲುಗಿತು, ಆದರೂ ಅವರು ಇನ್ನೊಮ್ಮೆ ಕಾರಿನ ಸುತ್ತ ಬರಲು ಹೊರಟರು. ಅಷ್ಟರಲ್ಲಿ ಬೆಳ್ಳಿ ತಟ್ಟೆ ಹಿಡಿದುಕೊಂಡು ನೀಲಾಂಬಿಕೆ ಹೊಸ್ತಿಲಿಗೆ ಬಂದಳು. ತಟ್ಟೆಯಲ್ಲಿ ಎಲೆ ಅಡಿಕೆ ಜೋಡಿಸಿತ್ತು. ಭಾವನನ್ನು ನೋಡದೆ ಕಾರನ್ನು ನೋಡಿದಳು.

"ಅದು ಎಲೆ ಅಡಿಕೆ ಬಿಟ್ಟಿದೆ ಅಂತ ಕಾಣುತ್ತೆ ಅಪ್ಪ" ಅಂದಳು. "ಇದನ್ನ ಎಲ್ಲಿಡ್ಲಿ?"

ಪರಮಶಿವಯ್ಯ ಮಗಳನ್ನು ನೋಡಿದರು, ತಟ್ಟೆಯನ್ನು ನೋಡಿದರು. ಜಮಖಾನ ಹಾಸಲು ಒಳಗೆ ಕೂಗಿ ಹೇಳಿದರು.

ಶಾಸ್ತ್ರ ಮುಗಿದು ಊಟವಾಗಿ ನಾವು ಹೊರಟಾಗ ಬಿಸಿಲು ಇಳಿಯುತ್ತಿತ್ತು. ಭಾವ ದಾರಿಯುದ್ದಕ್ಕೂ ನಾಲಗೆ ಲೊಟಗುಟ್ಟಿಸಲಿಲ್ಲ, ಏನೋ ಗುನುಗಿಕೊಳ್ಳುತ್ತಿದ್ದರು. ಹಳ್ಳ ಬಂದದ್ದೂ ಅವರಿಗೆ ಗೊತ್ತಾಗಲಿಲ್ಲ. ಕೊಪ್ಪ ಮುಟ್ಟುವವರೆಗೆ ಆ ಕಾರಿನಲ್ಲಿ ಸೋರಿದ್ದು ಒಂದೇ ಕಡೆ, ಅದು ನನ್ನ ಮಡಿಲಲ್ಲಿ.