ಟ್ಯಾಂಕಿನ ಮುಚ್ಚಳಕ್ಕೆ ವಿಭೂತಿ

ಇವತ್ತು ಅಮಾವಾಸ್ಯೆ. ಕಾರು ತೊಳೆದು ಅಂಗಳದಲ್ಲಿ ನಿಲ್ಲಿಸಿದ್ದೇನೆ, ಅತ್ತೆ ಒಳಗೆ ವಿಭೂತಿ ಕಲಸುತ್ತಿದ್ದಾರೆ. ಪೆಟ್ರೋಲಿನ ವಾಸನೆಗೆ ಹಸಿ ವಿಭೂತಿಯ ವಾಸನೆ ಬೆರೆತರೆ ಸಾಕು, ಈಗಲೂ ಟ್ಯಾಂಕಿನ ಮುಚ್ಚಳ ಮುಟ್ಟಿ ನೋಡಿ ಬರುತ್ತೇನೆ. ನಗಬೇಡಿ. ನಾನು ಹುಟ್ಟಾ ಅಂಜುಬುರುಕಿ, ನಿಜ. ಆದರೆ ಈ ಅಂಜಿಕೆ ಸುಮ್ಮನೆ ಬಂದದ್ದಲ್ಲ.

ಬಬಲೇಶ್ವರದಲ್ಲಿ ಮನೆ, ತಿಕೋಟಾದಲ್ಲಿ ನನ್ನ ಶಾಲೆ, ನಡುವೆ ಈ ಮುದಿ ಕಾರು. ಒಂದು ಬೇಸಿಗೆಯಲ್ಲಿ ಅದಕ್ಕೊಂದು ಚಾಳಿ ಅಂಟಿತು. ಚೆನ್ನಾಗಿ ಓಡುತ್ತಿದ್ದದ್ದು ಗಕ್ಕನೆ ಜಗ್ಗಿ, ಕೆಮ್ಮಿ, ನಿಂತುಬಿಡುವುದು. ಸ್ವಲ್ಪ ಹೊತ್ತು ಬಿಟ್ಟರೆ ಏನೂ ಆಗಿಲ್ಲವೆಂಬಂತೆ ಹೊರಡುವುದು. ತಿಕೋಟಾದ ಮಿಸ್ತ್ರಿ ಫಿಲ್ಟರ್ ಬದಲಿಸಿದ, ಪೆಟ್ರೋಲ್ ಪಂಪ್ ಬದಲಿಸಿದ, ಪೈಪು ಊದಿದ. ಅವನ ಗ್ಯಾರೇಜಿನಲ್ಲಿ ಅದು ಒಮ್ಮೆಯಾದರೂ ಕೆಮ್ಮಬೇಕಲ್ಲ! "ಗಾಡ್ಯಾಗ ಏನೂ ಇಲ್ರಿ ಟೀಚರ್, ನಿಮ್ಮ ಮನಸಿನ್ಯಾಗ ಐತಿ" ಅಂದ. ನನಗೆ ಮೈಯೆಲ್ಲ ಉರಿಯಿತು.

ಅತ್ತೆಯ ಪ್ರಕಾರ ಅದು ದೃಷ್ಟಿ. ಊರವರೆಲ್ಲ ಅಮಾವಾಸ್ಯೆಗೆ ಬಾನೆಟ್ಟಿಗೆ ವಿಭೂತಿ ಬಳಿದರೆ, ಇವರು ಪೆಟ್ರೋಲ್ ಟ್ಯಾಂಕಿನ ಮುಚ್ಚಳಕ್ಕೂ ದಪ್ಪಗೆ ಮೆತ್ತುತ್ತಿದ್ದರು. "ಅದು ಉಣ್ಣೂ ಬಾಯಿ. ದೃಷ್ಟಿ ಬಾಯಿಗೇ ತಾಕೂದು." ಕಾರು ನಿಂತಷ್ಟೂ ಲೇಪ ದಪ್ಪವಾಗುತ್ತ ಹೋಯಿತು. ಮಕ್ಕಳಿಗೆ ವಿಜ್ಞಾನ ಕಲಿಸುವ ನನಗೂ ಆ ಲೇಪ ಕಂಡರೆ ಒಳಗೊಳಗೇ ಧೈರ್ಯ.

ಮಗಳು ಗೌರಿ ಆಗಿನ್ನೂ ಸಣ್ಣವಳು, ಉಬ್ಬಸದ ಕೂಸು. ಒಂದು ಮಧ್ಯಾಹ್ನ ಇನ್‌ಹೇಲರಿಗೂ ಬಗ್ಗದೆ ಉಸಿರು ಕಟ್ಟತೊಡಗಿತು. ಅತ್ತೆಯ ಮಡಿಲಲ್ಲಿ ಅವಳನ್ನು ಮಲಗಿಸಿಕೊಂಡು ವಿಜಯಪುರದ ಆಸ್ಪತ್ರೆಗೆ ಹೊರಟೆವು. ಅರ್ಧ ದಾರಿ, ಸುತ್ತ ಬರೀ ಕರಿ ಹೊಲ. ಕಾರು ಕೆಮ್ಮಿತು, ನಿಂತಿತು. ಕೀಲಿ ತಿರುಗಿಸಿದೆ, ಮತ್ತೆ ತಿರುಗಿಸಿದೆ. ಇಳಿದು ರಸ್ತೆ ನಡುವೆ ನಿಂತು ಕೈ ಬೀಸಿದೆ. ತುಂಬಿದ ಜೀಪೊಂದು ನಿಲ್ಲದೆ ಹೋಯಿತು. ಗೌರಿಯ ತುಟಿ ನೀಲಿಯಾಗುತ್ತಿತ್ತು.

"ಯವ್ವಾ... ಉಸ್ರ ಬರವಲ್ದು."

ಅತ್ತೆ ಅವಳನ್ನು ಸೀಟಿಗೆ ಒರಗಿಸಿ, ಸೊಂಟದ ಚೀಲದಿಂದ ವಿಭೂತಿ ಗಟ್ಟಿ ತೆಗೆದು ಇಳಿದರು.

"ಈಗೂ ಅದಽ ಏನ್ರಿ ಅತ್ತಿ!" ಎಂದು ಚೀರಿದೆ.

"ಮ್ಯಾಲ ಹಚ್ಚಿದ್ರ ಸಾಲವಲ್ದು, ಇವತ್ತ ಒಳಗ ಹಚ್ತೇನಿ" ಎಂದವರೇ ಮುಚ್ಚಳ ತಿರುವಿದರು.

ಉಸ್ಸ್ಸ್! ಟ್ಯಾಂಕು ಉದ್ದಕ್ಕೆ ಗಾಳಿ ಎಳೆದುಕೊಂಡಿತು. ಹಿಂದಿನ ಸೀಟಿನಲ್ಲಿ ಮಗಳು ಎಳೆಯಲು ಒದ್ದಾಡುತ್ತಿದ್ದಳಲ್ಲ, ಅಂಥದೇ ಉಸಿರು. ಆಗ ತಲೆಗೆ ಹೊಳೆಯಿತು. ಇಂಥ ಹಳೇ ಕಾರುಗಳ ಮುಚ್ಚಳದಲ್ಲೊಂದು ಸಣ್ಣ ತೂತು ಇರುತ್ತದೆ. ಪೆಟ್ರೋಲ್ ಖರ್ಚಾದಷ್ಟೂ ಅಲ್ಲಿಂದ ಗಾಳಿ ಒಳಗೆ ಹೋಗಬೇಕು, ಇಲ್ಲದಿದ್ದರೆ ಪೆಟ್ರೋಲ್ ಎಂಜಿನ್ನಿಗೆ ಬರುವುದೇ ಇಲ್ಲ. ಆ ತೂತು ವಿಭೂತಿಯಿಂದ ಗಟ್ಟಿಯಾಗಿ ಮುಚ್ಚಿತ್ತು. ಮಿಸ್ತ್ರಿ ಪ್ರತಿಸಲ ಮೊದಲು ಮುಚ್ಚಳ ತೆಗೆದು ಪೆಟ್ರೋಲ್ ನೋಡುತ್ತಿದ್ದ, ಆಗಲೇ ಗಾಳಿ ಒಳಗೆ ಹೋಗಿಬಿಡುತ್ತಿತ್ತು. ಅವನ ಮುಂದೆ ಕಾರು ಯಾಕೆ ನಿಂತೀತು?

"ಹಚ್ಚಬ್ಯಾಡ್ರಿ ಅತ್ತಿ! ಅದರ ಉಸಿರ ಕಟ್ಟೇತಿ!"

ಸೀರೆಯ ಪಿನ್ನು ಕಿತ್ತು ತೂತು ಬಿಡಿಸಿದೆ. ಕಾರು ಹೊರಟಿತು. ವಿಜಯಪುರ ಮುಟ್ಟುವವರೆಗೆ ಅದು ಒಮ್ಮೆಯೂ ಕೆಮ್ಮಲಿಲ್ಲ.

ಆಕ್ಸಿಜನ್ ಕೊಟ್ಟ ಮೇಲೆ ಗೌರಿಯ ಎದೆ ಸಮನಾಗಿ ಏರಿಳಿಯತೊಡಗಿತು. ನಾನು ಗೋಡೆಗೆ ಒರಗಿ ಬಿಕ್ಕಿಬಿಕ್ಕಿ ಅತ್ತುಬಿಟ್ಟೆ. ಅತ್ತೆ ಬೆರಳಿಗಂಟಿದ್ದ ಬಿಳಿ ಪುಡಿಯನ್ನೇ ನೋಡುತ್ತ ಕೇಳಿದರು: "ಹಂಗಾರ ನಾನಽ ಅದರ ಬಾಯಿ ಮುಚ್ಚಿದ್ನೇನ?" ಅವರೂ ನನ್ನಷ್ಟೇ ಅಂಜುಬುರುಕಿ ಎಂದು ಅವತ್ತು ತಿಳಿಯಿತು.

ಗೌರಿ ಈಗ ಹೈಸ್ಕೂಲು. ಅಗೋ, ಅತ್ತೆ ತಟ್ಟೆ ಹಿಡಿದು ಬಂದರು. ಬಾನೆಟ್ಟಿಗೆ ಹಚ್ಚಿದರು, ಗಾಲಿಗೆ ಹಚ್ಚಿದರು. ಟ್ಯಾಂಕಿನ ಹತ್ತಿರ ಪ್ರತಿಸಲದಂತೆ ಕೈ ನಿಂತಿತು. ಇವತ್ತು ಮಾತ್ರ ನನ್ನ ಕಡೆ ತಿರುಗಿದರು.

"ನಿನ್ನ ಹಣಿ ತಾ. ಅಂಜೂದು ನಾವು, ಗಾಡಿ ಅಲ್ಲ."

ತಲೆ ಬಾಗಿಸಿದೆ. ಕಾರಿನೊಳಗೆ ಗೌರಿ ಏನೋ ಹಾಡಿಕೊಳ್ಳುತ್ತಿದ್ದಳು. ನಡುವೆ ಹಾಡು ನಿಂತಿತು. ಅತ್ತೆಯ ಬೆರಳು ನನ್ನ ಹಣೆಯ ಮೇಲೇ ನಿಂತಿತು. ಅವಳು ಮತ್ತೆ ಹಾಡುವವರೆಗೆ ಇಬ್ಬರೂ ಅಲುಗಲಿಲ್ಲ.