ನನ್ನ ಮಗ್ಗ ಮಾತ್ರ ನಿಲ್ಲಲಿಲ್ಲ

ಕಳೆದ ಮಂಗಳವಾರ ಮಧ್ಯಾಹ್ನ ನಮ್ಮ ಬೀದಿಯ ಪವರ್‌ಲೂಮ್‌ಗಳೆಲ್ಲ ಒಂದೊಂದಾಗಿ ನಿಂತವು. ನನ್ನವು ಮಾತ್ರ ಓಡುತ್ತಲೇ ಇದ್ದವು.

ತಮಿಳು ಸೀಮೆಯ ನಮ್ಮ ಸೋಮನೂರಿನಲ್ಲಿ ಮಗ್ಗದ ಸದ್ದು ನಿಂತರೆ ಕರೆಂಟ್ ಇಲ್ಲವೆಂದು ಅರ್ಥ. ಕರೆಂಟ್ ಇದ್ದೂ ನಿಂತರೆ, ಬೀದಿಯಲ್ಲಿ ಸಾವಾಗಿದೆ. ಯಾರೂ ಹೇಳಿಕಳಿಸುವುದಿಲ್ಲ. ಪಕ್ಕದ ಶೆಡ್ ನಿಂತಿತೆಂದರೆ ನಾವೂ ನಿಲ್ಲಿಸುತ್ತೇವೆ. ಜಗಳವಾಡಿ ಮಾತು ಬಿಟ್ಟವರೂ ನಿಲ್ಲಿಸುತ್ತಾರೆ.

ಈ ಸಲದ ಸಾವು ನಮ್ಮ ಬೀದಿಯದಲ್ಲ. ನಮ್ಮ ಬಟ್ಟೆಯ ಬೇಲುಗಳನ್ನು ಉತ್ತರಕ್ಕೆ ಒಯ್ಯುವ ಲಾರಿ ಡ್ರೈವರ್ ಕರ್ತಾರ್ ಸಿಂಗರ ತಮ್ಮನ ಮಗಳು. ಕೆನಡಾದಿಂದ ಅಜ್ಜಿಯನ್ನು ನೋಡಲು ಬರುತ್ತಿದ್ದಳಂತೆ. ಹೋದ ತಿಂಗಳು ಬಾಂಬ್ ಸಿಡಿದು ಕಡಲಿಗೆ ಬಿತ್ತಲ್ಲ, ಆ ವಿಮಾನದಲ್ಲಿ.

ಲೋಡಿಗೆ ಬಂದ ಸಿಂಗರು ಎದುರುಗಡೆ ನನ್ನ ತಂಗಿ ರುಕ್ಮಿಣಿಯ ಶೆಡ್ಡಿನ ಜಗಲಿಯಲ್ಲಿ ಕೂತು ಇದನ್ನು ಹೇಳಿದರು. ಅವಳು ಒಳಗೆ ಹೋಗಿ ಸ್ವಿಚ್ ಆರಿಸಿದಳು. ಅಷ್ಟೇ. ಆಮೇಲೆ ಇಡೀ ಬೀದಿ. ಫಿಟ್ಟರ್ ಬಶೀರ್ ಭಾಯಿ ಲೇತ್ ನಿಲ್ಲಿಸಿ ಬಂದು ಸಿಂಗರ ಪಕ್ಕ ಕೂತರು.

ತಂಗಿ ನನ್ನ ಬಾಗಿಲಿಗೂ ಬಂದಳು.

"ಅಣ್ಣಾ, ಪಾವಂ ಅವರು. ಆಫ್ ಮಾಡು."

"ಬಾಂಬ್ ಇಟ್ಟೋರು ಯಾರಂತೆ? ಪೇಪರ್‌ನಲ್ಲಿ ಬಂದಿಲ್ವಾ? ಇವರ ಪೈಕಿ ಪೇಟದೋರೇ. ಇವರಿಗೋಸ್ಕರ ನಾನು ತರಿ ನಿಲ್ಲಿಸ್ಬೇಕಾ?" (ತರಿ ಎಂದರೆ ಮಗ್ಗ, ಪಾವಂ ಎಂದರೆ ಪಾಪ. ನಮ್ಮ ಮನೆಗನ್ನಡದೊಳಗೆ ತಮಿಳು ಹೀಗೇ ನುಗ್ಗುತ್ತದೆ.)

"ಮೆಲ್ಲ ಹೇಳು. ಕೇಳಿಸ್ತದೆ."

"ಕೇಳಲಿ."

ಸಿಂಗರಿಗೆ ಕನ್ನಡ ಬಾರದು, ನಿಜ. ಆದರೆ ಮಗ್ಗದ ಸದ್ದಿಗೆ ಭಾಷೆ ಬೇಕೆ? ಬೀದಿಯೆಲ್ಲ ಸುಮ್ಮನಾದ ಮೇಲೆ ನನ್ನ ಮಗ್ಗಗಳ ಬಡಿತ ನನ್ನ ಎದೆಗೇ ಬಡಿಯತೊಡಗಿತು. ನಿಲ್ಲಿಸಲು ಎದ್ದೆ. ಈಗ ನಿಲ್ಲಿಸಿದರೆ ಸೋತಂತೆ ಎಂದು ಮತ್ತೆ ಕೂತೆ. (ಐದನೇ ಕ್ಲಾಸಿಗೆ ಸ್ಕೂಲ್ ಬಿಟ್ಟವನ ಬುದ್ಧಿ ಎನ್ನಬೇಡಿ. ಇದಕ್ಕೂ ಓದಿಗೂ ಸಂಬಂಧವಿಲ್ಲ.)

ಸಂಜೆ ಸಿಂಗರು ನನ್ನ ಬೇಲುಗಳನ್ನೂ ಹೇರಿಕೊಂಡರು. ಆಕಾಶ ನೋಡಿ ತಮ್ಮ ಹರಕು ತಮಿಳಿನಲ್ಲಿ ಹೇಳಿದರು: "ಅಣ್ಣೆ, ಮಳೆ ಬರ್ತದೆ. ನಿಮ್ಮ ಮಾಲಿಗೆ ಇನ್ನೊಂದು ತಾರ್ಪಾಲ್ ಹಾಕ್ತೀನಿ."

ನನ್ನ ಮಗ್ಗದ ಸದ್ದಿನಲ್ಲಿ ಅಷ್ಟನ್ನೂ ಅವರು ಕೂಗಿಯೇ ಹೇಳಬೇಕಾಯಿತು.

ಮರುದಿನ ಬೆಳಿಗ್ಗೆ ತಂಗಿ ಕಾಫಿ ತರಲಿಲ್ಲ. ದಿನಾ ತರುವವಳು. ಕಾದು ಕಾದು ನಾನೇ ಹೋದೆ. ನೂಲು ಸುತ್ತುತ್ತ, ಮುಖ ಎತ್ತದೆ ಹೇಳಿದಳು.

"ವಿಮಾನ ಬಿದ್ದ ಕಡೆ ಮೀನು ಹಿಡಿಯೋರು ಬಲೆ ಬಿಟ್ಟು ದೋಣಿ ತಿರುಗಿಸಿ ಹುಡುಕಿದ್ರಂತೆ. ಸಿಂಗ್ ತಮ್ಮ ಅಲ್ಲಿಗೆ ಹೋದಾಗ ಯಾರೋ ಒಬ್ಬ ಅಮ್ಮ ಮನೆಗೆ ಕರ್ಕೊಂಡೋಗಿ ಊಟ ಹಾಕಿದ್ರಂತೆ. ಅವರ ಸಾಮಿ ಬೇರೆ, ಮಾತು ಬೇರೆ. ಸಿಂಗ್ ತಮ್ಮನ ತಲೆ ಮೇಲಿನ ಪೇಟ ಅವರಿಗೂ ಕಾಣ್ತಿತ್ತಲ್ಲ?"

ನಾನು ಹೊರಡಲು ತಿರುಗಿದೆ.

"ಅವರು ಕಡಲಿಗೇ ಇಳಿದ್ರು. ನಿಂಗೆ ಸ್ವಿಚ್ ಕೈಗೆಟುಕೋ ಹಾಗಿತ್ತು, ಅಣ್ಣಾ."

ಬಾಂಬ್ ಇಟ್ಟವನಿಗೆ ಬೇಕಾದದ್ದೇನು? ಸತ್ತವರ ಮನೆಯವರನ್ನೂ ಉಳಿದವರು ಹಗೆಗಳಂತೆ ನೋಡಬೇಕು. ಅವನು ಅರ್ಧಕ್ಕೆ ಬಿಟ್ಟ ಕೆಲಸವನ್ನು ಸೋಮನೂರಿನಲ್ಲಿ ಕೂತು ಮುಗಿಸಿಕೊಟ್ಟವನು ನಾನು.

ಅಂದಿನಿಂದ ಕೂತಲ್ಲಿ ಕೂರಲಾಗುತ್ತಿಲ್ಲ. ಲಾರಿ ಹಾರ್ನ್ ಕೇಳಿದರೆ ಸ್ವಿಚ್ಚಿನ ಕಡೆ ಓಡುತ್ತೇನೆ. ನೋಡಿದರೆ ಬೇರೆ ಲಾರಿ.

ಸಿಂಗರು ಮುಂದಿನ ಲೋಡಿಗೆ ಬಂದಾಗ ಮಗ್ಗ ಖಂಡಿತ ನಿಲ್ಲಿಸುತ್ತೇನೆ. ಆದರೆ ಅದು ಆ ಹುಡುಗಿಗಾಗಿಯೋ, ತಂಗಿ ಮತ್ತೆ ಕಾಫಿ ತರಲಿ ಎಂದೋ?